ಹಲ್ಲಿಯೋ ಮೂಗಿಲಿಯೋ: ಯಾವುದನ್ನು ನೋಡುವುದು?

ದೈತ್ಯ ಹಲ್ಲಿಯ ‘ದ ಜೈಂಟ್ ಗಿಲಾ ಮಾನ್‌ಸ್ಟರ್’, ದೈತ್ಯ ಮೂಗಿಲಿಗಳ ‘ದ ಕಿಲ್ಲರ್ ಶ್ರೂಸ್’ – ಈ ಎರಡೂ ಭಯಾನಕ ಚಿತ್ರಗಳು ರೇ ಕೆಲಾಗ್ ನಿರ್ದೇಶನದ್ದೇ, 1959ರಲ್ಲಿ ಟೆಕ್ಸಸ್‌ನಲ್ಲಿ ಜೋಡಿ ಪ್ರದರ್ಶನಕ್ಕೆಂದು ತಯಾರಾದವು. ಒಂದಕ್ಕೆ ಮಾತ್ರ ಪುರುಸೊತ್ತಿದ್ದರೆ 69 ನಿಮಿಷದ ‘ದ ಕಿಲ್ಲರ್ ಶ್ರೂಸ್’ ನೋಡಿ.

74 ನಿಮಿಷದ ‘ದ ಜೈಂಟ್ ಗಿಲಾ ಮಾನ್‌ಸ್ಟರ್’ನಲ್ಲಿ ನಿಜವಾದ ಹಲ್ಲಿಯನ್ನೇ ಆಟಿಕೆ ಕಾರು, ರೈಲುಗಳ ನಡುವೆ ಬಿಟ್ಟಿದ್ದಾರೆ. ಅದೂ ಹೆಸರಿನಲ್ಲಿರುವ ಗಿಲಾ ಎಂಬ ವಿಷದ ಹಲ್ಲಿಯಲ್ಲ, ಅದರ ದಾಯಾದಿ, ಮೆಕ್ಸಿಕೋದ ಮಣಿಹಲ್ಲಿ! ನಟರೂ ಹಲ್ಲಿಯೂ ಒಂದೇ ಚೌಕಟ್ಟಿಗೆ ಬರುವುದಿಲ್ಲ. ಭಯ ಅಲ್ಲೇ ಸೋರಿಹೋಗುತ್ತದೆ.

ಶ್ರೂಸ್‌ನ ದೈತ್ಯ ಮೂಗಿಲಿಗಳು ವೇಷ ತೊಟ್ಟ ಬೇಟೆನಾಯಿಗಳು, ಸಮೀಪದ ಶಾಟ್‌ಗಳಿಗೆ ಕೈಗೊಂಬೆ. ಓಡುವಾಗ ನಾಯಿಯೆಂದು ಗೊತ್ತಾಗಿಬಿಡುತ್ತದೆ. ಆದರೆ ಚಂಡಮಾರುತಕ್ಕೆ ಸಿಕ್ಕ ದ್ವೀಪ, ಒಂದೇ ಮನೆಯೊಳಗೆ ಸೆರೆಯಾದ ಜನ, ವಿಷದ ಕಡಿತ – ಬಿಗಿ ಸಡಿಲುವುದಿಲ್ಲ. ಕೊನೆಯಲ್ಲಿ ಖಾಲಿ ಪೀಪಾಯಿಗಳನ್ನು ಕವುಚಿಕೊಂಡು, ಕುಕ್ಕರುಗಾಲಲ್ಲಿ ಕಡಲತ್ತ ತೆವಳುವ ದೃಶ್ಯವನ್ನಂತೂ ತಪ್ಪಿಸಬೇಡಿ.