ಜಂಬಿಟ್ಟಿಗೆ ಕಲ್ಲಿನ ಪೆಟ್ಟಿಗೆ: ಕಲ್ಲು ಸೂಪರ್, ಕೈಪಿಡಿ ಅರ್ಧಂಬರ್ಧ

ಮಣ್ಣಿನ ಮೇಲೆ ಕಬ್ಬಿಣದ ತೊಗಟೆ ಹೇಗೆ ಕಟ್ಟುತ್ತದೆ ಎಂದು ತೋರಿಸುವ ಮಾದರಿ ಪೆಟ್ಟಿಗೆಯೊಂದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಆರು ಮಾದರಿ, ಎರಡು ಖನಿಜದ ಚೂರು, ಭೂತಗನ್ನಡಿ, ಗೀರಿ ನೋಡಲು ಬಿಳಿ ಪಿಂಗಾಣಿ ಬಿಲ್ಲೆ, ಆಯಸ್ಕಾಂತ, ಒಂದು ಕೈಪಿಡಿ. ಕಲ್ಲಿಗೆ ಐದಕ್ಕೆ ಐದು. ಕೈಪಿಡಿಗೆ ಎರಡು ಕೊಟ್ಟರೆ ಜಾಸ್ತಿ.

ಮೊದಲ ನಾಲ್ಕನ್ನು ಸಾಲಾಗಿ ಇಡಿ. ಗಟ್ಟಿ ಮೂಲಶಿಲೆ, ಉಗುರಿನಲ್ಲಿ ಕೆರೆದರೆ ಉದುರುವ ಶಿಲೆ, ಬಿಳಿ ಜೇಡಿಯಲ್ಲಿ ಕೆಂಪು ಮಚ್ಚೆ, ಕೊನೆಗೆ ಹುಳು ಕೊರೆದ ಹಾಗೆ ತೂತು ತೂತಾದ ಕೆಂಪು ತೊಗಟೆ. ಮಳೆನೀರು ಲಕ್ಷಾಂತರ ವರ್ಷ ಇಳಿದಿಳಿದು ಸೋಡಿಯಂ, ಕ್ಯಾಲ್ಸಿಯಂ, ಸಿಲಿಕಾದಲ್ಲೂ ಬಹುಪಾಲು ತೊಳೆದುಕೊಂಡು ಹೋಗುತ್ತದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಹಟ ಹಿಡಿದು ಕೂರುತ್ತವೆ. ಮಚ್ಚೆ ಯಾಕೆ? ಅಂತರ್ಜಲ ಏರಿದಾಗ ಗಾಳಿ ಸಿಗದೆ ಕಬ್ಬಿಣ ಕರಗುತ್ತದೆ, ನೀರು ಇಳಿದಾಗ ಆಕ್ಸಿಜನ್ ತಾಗಿ ಅಲ್ಲಲ್ಲೇ ಹೆಪ್ಪುಗಟ್ಟುತ್ತದೆ. ಇಷ್ಟನ್ನು ಕೈಪಿಡಿ ಚೆನ್ನಾಗಿಯೇ ಹೇಳಿದೆ.

ಆದರೆ ಎಲ್ಲಾ ತೊಗಟೆಯೂ ನಿಂತ ಜಾಗದಲ್ಲೇ ಆಯಿತು ಎಂಬಂತೆ ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದಾರೆ. ಅವರೇ ಕಳಿಸಿದ ಐದನೇ ಕಲ್ಲು ಬೇರೆ ಕಥೆ ಹೇಳುತ್ತದೆ! ಹೊಳೆಯಲ್ಲಿ ಉರುಳಿ ನುಣುಪಾದ ಬೆಣಚುಕಲ್ಲುಗಳು, ಅವನ್ನು ಸಿಮೆಂಟಿನ ಹಾಗೆ ಹಿಡಿದುಕೊಂಡ ಕಬ್ಬಿಣ. ಈ ಕಬ್ಬಿಣ ಮೇಲಿನ ಇಳಿಜಾರಿನಿಂದ ನೀರಿನ ಜೊತೆ ಪಕ್ಕಕ್ಕೆ ಹರಿದು ಬಂದದ್ದು. ಫೆರಿಕ್ರೀಟ್ ಅನ್ನುವುದು ಇದನ್ನೇ. ಹೀಗೆ ತಗ್ಗಿನಲ್ಲಿ ಹುಟ್ಟಿದ ತೊಗಟೆ ಸುಲಭಕ್ಕೆ ಸವೆಯುವುದಿಲ್ಲ, ಸುತ್ತಲಿನ ಮೆತ್ತನೆಯ ದಿಣ್ಣೆಗಳೇ ಕರಗಿ ಹೋಗಿ ಕೊನೆಗೆ ಹಳೆಯ ಕಣಿವೆಯ ತಳವೇ ಚಪ್ಪಟೆ ತಲೆಯ ಗುಡ್ಡವಾಗಿ ನಿಲ್ಲುವುದೂ ಉಂಟು. ಇಷ್ಟು ಮಜವಾದ ವಿಷಯ ಬಿಟ್ಟು, ಸ್ಕಾಟ್ಲೆಂಡಿನ ವೈದ್ಯ, ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲ್ಯಾಟಿನ್ನಿನ ಇಟ್ಟಿಗೆ ಪದದಿಂದ ಈ ಕಲ್ಲಿಗೆ ಲ್ಯಾಟರೈಟ್ ಹೆಸರು ಕೊಟ್ಟ ಕಥೆಗೆ ಒಂದಿಡೀ ಪುಟ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಕೂತಿದೆ, ಅಲ್ವಾ?

ಇನ್ನೊಂದು ತಕರಾರು. ಆ ಎರಡು ಖನಿಜದ ಚೂರು ಕಬ್ಬಿಣದವೇ, ಹೆಮಟೈಟ್ ಮತ್ತು ಗೋಥೈಟ್; ಅವುಗಳ ಚೀಟಿಗಳು ಅದಲುಬದಲು. ಬಿಲ್ಲೆಯ ಮೇಲೆ ಗೀರಿದಾಗ ಗೊತ್ತಾಯಿತು: ಕೆಂಪು ಗೆರೆ ಬಂದರೆ ಹೆಮಟೈಟ್, ಹಳದಿ ಕಂದು ಬಂದರೆ ಗೋಥೈಟ್. ಮಾರಿದವರಿಗೆ ಬರೆದೆ, ಸುಮ್ನೆ ಹೊಸ ಚೀಟಿ ಕಳಿಸಿದರು.

ಆರನೆಯದು ಬಟಾಣಿ ಗಾತ್ರದ ಉಂಡೆಗಳು. ಒಡೆದ ಒಂದರೊಳಗೆ ಈರುಳ್ಳಿಯ ಹಾಗೆ ಪದರ ಪದರ. ಆಯಸ್ಕಾಂತ ಹಿಡಿದರೆ ಕೆಲವು ಟಕ್ಕನೆ ಅಂಟುತ್ತವೆ, ಅವುಗಳಲ್ಲಿ ಆಯಸ್ಕಾಂತಕ್ಕೆ ಸಿಗುವ ಕಬ್ಬಿಣದ ಖನಿಜ ಮ್ಯಾಗ್‌ಹೆಮೈಟ್ ಇದೆ. ಡಬ್ಬಿಯ ಮುಚ್ಚಳ ಸಡಿಲ, ತೆರೆಯುವಾಗ ಕೆಳಗೊಂದು ತಟ್ಟೆ ಇಟ್ಟುಕೊಳ್ಳಿ.