ರೂಟಿಂಗ್ ಹಾರ್ಮೋನ್ ಪುಡಿ: ಡಬ್ಬಿ ಕೊಳ್ಳುವ ಮುಂಚೆ

ಲಾಲ್‌ಬಾಗ್ ಸುತ್ತಮುತ್ತ ಗಿಡ ಮಾರುವ ಅಂಗಡಿಗಳಲ್ಲಿ ಸಿಗುವ, ಕತ್ತರಿಸಿ ನೆಟ್ಟ ಕಡ್ಡಿಗೆ ಬೇರು ಬರಿಸುವ ಈ ಬಿಳಿ ಪುಡಿ ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ಡಬ್ಬಿಯ ಮೇಲೆ ಐಬಿಎ (ಬೇರು ಬರಿಸುವ ಹಾರ್ಮೋನ್) ಎಷ್ಟಿದೆ ಅಂತ ಬರೆದಿರಬೇಕು. ಎಳೆ ಕಡ್ಡಿಗೆ 0.1%, ಅರೆಬಲಿತ ದಾಸವಾಳಕ್ಕೆ 0.3%, ಗಟ್ಟಿ ಕಡ್ಡಿಯ ಬೋಗನ್‌ವಿಲ್ಲಾಗೆ 0.8% ಸಾಕು. 'ಎಲ್ಲ ಗಿಡಕ್ಕೂ' ಅಂತಷ್ಟೇ ಇದ್ದರೆ ವಾಪಸ್ ಇಟ್ಟುಬಿಡಿ. ದೊಡ್ಡಪತ್ರೆಗಂತೂ ಪುಡಿಯೇ ಬೇಡ, ಮಣ್ಣಿಗೆ ಚುಚ್ಚಿದರೆ ಸಾಕು.

ಚಿಗುರಿನ ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನ್ ಕೆಳಗಿಳಿದು, ಕತ್ತರಿಸಿದ ಬುಡದಲ್ಲಿ ಸೇರಿಕೊಂಡಾಗ ಅಲ್ಲಿ ಹೊಸ ಬೇರಿನ ಮೊಳಕೆ ಕಟ್ಟುತ್ತದೆ. ಐಬಿಎ ಕೂಡ ಆಕ್ಸಿನ್ನೇ, ಆ ಕೆಲಸಕ್ಕೆ ಬಲ ಕೊಡುತ್ತದೆ. ಅತಿಯಾದರೆ ಗಿಡದಲ್ಲೇ ಹುಟ್ಟುವ ಎಥಿಲೀನ್ ಅನಿಲ ಹೆಚ್ಚಿ ಬೇರು ಉದ್ದವಾಗುವುದಿಲ್ಲ, ಬುಡ ಊದಿ ಕಪ್ಪಾಗುತ್ತದೆ. ಸೈಟೊಕೈನಿನ್ (ಚಿಗುರು ಬರಿಸುವ ಹಾರ್ಮೋನ್) ಇರುವ ಚಿಗುರು ಟಾನಿಕ್ ಜೊತೆಗೆ ಹಾಕಿದರೆ ಬೇರೊಡೆಯುವುದಕ್ಕೇ ಅಡ್ಡಿ.

10–15 ಸೆಂ.ಮೀ. ಕಡ್ಡಿಯನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಬುಡದ 2 ಸೆಂ.ಮೀ. ನೀರಿಗದ್ದಿ ಕೊಡವಿ. ಕಾಗದದ ಮೇಲೆ ಚಿಟಿಕೆ ಪುಡಿ ಸುರಿದು ತಾಗಿಸಿ, ಹೆಚ್ಚಾದದ್ದನ್ನು ತಟ್ಟಿ ಉದುರಿಸಿ. ಡಬ್ಬಿಗೇ ಅದ್ದಿದರೆ ತೇವ ಸೇರಿ ಪುಡಿಯೆಲ್ಲ ಗಂಟಾಗುತ್ತದೆ. ಪೆನ್ಸಿಲ್ಲಿನಿಂದ ಮೊದಲೇ ತೂತು ಮಾಡಿ ನೆಡಿ, ನೇರ ಚುಚ್ಚಿದರೆ ಪುಡಿ ಮೇಲೆಯೇ ಒರೆಸಿಹೋಗುತ್ತದೆ. ನೆಡುವ ಮಿಶ್ರಣಕ್ಕೆ ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮರಳು ಸಮಸಮ. ಗೊಬ್ಬರ ಬೆರೆಸಬೇಡಿ, ಕೊಳೆಯುತ್ತದೆ. ನಮ್ಮೂರಿನ ಜೂನ್–ಜುಲೈ ಜಡಿಮಳೆಯಲ್ಲಿ ನೆರಳಲ್ಲಿಟ್ಟರೆ ಪ್ಲಾಸ್ಟಿಕ್ ಕವರ್ ಮುಚ್ಚುವ ಕೆಲಸವೂ ಕಡಿಮೆ. ಉಳಿದ ಪುಡಿ ಬಿಗಿಯಾಗಿ ಮುಚ್ಚಿ, ಬೆಳಕು ಬೀಳದ ತಂಪು ಜಾಗದಲ್ಲಿಡಿ.