ಬಾತುಮರಿಗಳಿಗೆ ಹೀಟಿಂಗ್ ಪ್ಲೇಟ್: ಕಾರಟಗಿಯಲ್ಲಿ ಮೂರು ಬ್ಯಾಚ್ ಸಾಕಿದ ಮೇಲೆ

ಮರಿಗಳು ಕೆಳಗೆ ನುಗ್ಗಿ ಬೆಚ್ಚಗಿರುವ ಈ ಕರೆಂಟ್ ಪ್ಲೇಟ್ ತರಿಸಿದ್ದು 2024ರ ಆಗಸ್ಟ್‌ನಲ್ಲಿ, ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋದ ವಾರ. ಊರಲ್ಲಿ ಎಲ್ಲರ ಬಾಯಲ್ಲೂ ಭತ್ತದ ಗದ್ದೆಗೆ ನೀರು ಉಳಿಯುತ್ತದೋ ಇಲ್ಲವೋ ಅನ್ನೋ ಮಾತು. ನಮ್ಮ ಮನೆ ಪಡಸಾಲೆಯ ಮೂಲೆಯಲ್ಲಿ ಒಂದು ಜವಾರಿ ಕೋಳಿ ಹನ್ನೊಂದು ಬಾತು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ಕೋಳಿ ಮೊಟ್ಟೆಗೆ 21 ದಿನ ಸಾಕು, ಬಾತು ಮೊಟ್ಟೆಗೆ 28 ದಿನ ಬೇಕು. ಆ ವಾರದ ಅಂತರದಲ್ಲಿ ಪಾರ್ಸೆಲ್ ಬಂದು ಮುಟ್ಟಿತು.

ಕೋಳಿನೇ ಮರಿ ಸಾಕುವುದಿಲ್ಲವಾ ಅಂತ ಕೇಳಬಹುದು. ನಮ್ಮ ಬಾತುಗಳು ಮೊಟ್ಟೆ ಇಟ್ಟು ಎದ್ದು ಹೋಗುತ್ತವೆ, ಕೂರುವುದೇ ಇಲ್ಲ. ಕೋಳಿ ಕಾವು ಕೊಡುತ್ತದೆ. ಆದರೆ ಬಾತುಮರಿ ನೀರಿನಲ್ಲಿ ಆಡಿ ಒದ್ದೆ ಮೈಯಲ್ಲೇ ರೆಕ್ಕೆಯ ಕೆಳಗೆ ನುಗ್ಗಿದಾಗ ನಮ್ಮ ಕೋಳಿ ತಡೆದುಕೊಳ್ಳಲಿಲ್ಲ, ಕುಕ್ಕಿ ಹಾಕಿತು. ಅದು ಮೊದಲನೇ ಬ್ಯಾಚಿನಲ್ಲಿ, 2024ರ ಜನವರಿಯಲ್ಲಿ. ಕೊಯ್ಲು ಮುಗಿದ ಗದ್ದೆಗಳಿಗೆ ಬಾತು ಮೇಯಿಸಲು ಬಂದಿದ್ದವರ ಹತ್ತಿರ ಮಗ ಮೊಟ್ಟೆ ತಂದಿದ್ದ. ಒಡೆದಿದ್ದು ಆರು ಮರಿ.

ಆ ಆರು ಮರಿಗಳಿಗೆ ನಾನು ಹಾಕಿದ್ದು 250 ವ್ಯಾಟಿನ ಕೆಂಪು ಬಲ್ಬು. ಅಂಗಡಿಯವರು ಇದನ್ನೇ ಎಲ್ಲರೂ ಒಯ್ಯುತ್ತಾರೆ ಅಂದರು. ರಟ್ಟಿನ ಡಬ್ಬಿ, ಕೆಳಗೆ ಪೇಪರ್, ಮೇಲೆ ಬಲ್ಬು. ಮರುದಿನ ಮಧ್ಯಾಹ್ನ ನಾನು ಹಿತ್ತಲಲ್ಲಿದ್ದೆ. ಅತ್ತೆ ಕೂಗಿದರು, "ಯವ್ವಾ, ಮರಿ ಬಾಯಿ ತಕ್ಕಂಡು ಕುಂತಾವ, ನೋಡ ಬಾ!" ಓಡಿ ಬಂದು ನೋಡಿದರೆ ಆರೂ ಮರಿ ಡಬ್ಬಿಯ ಒಂದು ಮೂಲೆಗೆ ಒತ್ತಿಕೊಂಡು, ಕೊಕ್ಕು ತೆರೆದು, ಗಂಟಲು ಪಟಪಟ ಬಡಿಯುತ್ತಾ ಕೂತಿದ್ದವು. ಥರ್ಮಾಮೀಟರ್ ಇಟ್ಟೆ. 41 ಡಿಗ್ರಿ. ಮೊದಲ ವಾರದ ಮರಿಗೆ ಬೇಕಾಗುವುದು 32ರ ಆಸುಪಾಸು. ಜನವರಿಯಲ್ಲೂ ನಮ್ಮಲ್ಲಿ ಮಧ್ಯಾಹ್ನ ಬಿಸಿಲು ಹೇಗಿರುತ್ತದೆ ಗೊತ್ತಲ್ವಾ, ಅದರ ಮೇಲೆ ಆ ಬಲ್ಬು. ಅದೇ ರಾತ್ರಿ ಎರಡು ತಾಸು ಕರೆಂಟ್ ಹೋಯಿತು, ಒಂದು ಮರಿ ತಣ್ಣಗಾಗಿ ಹೋಯಿತು. ಹಗಲು ಸೆಕೆ, ರಾತ್ರಿ ಚಳಿ, ಒಂದೇ ದಿನದಲ್ಲಿ ಎರಡನ್ನೂ ಅವುಗಳ ಮೇಲೆ ಹೇರಿದ್ದೆ. ಇದು ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. ಉಳಿದ ಐದನ್ನು ದೊಡ್ಡದು ಮಾಡಿದ್ದೇವೆ. ಅವುಗಳ ಮೊಟ್ಟೆಯೇ ಆಗಸ್ಟ್‌ನ ಬ್ಯಾಚಿಗೆ ಬಂತು.

ಈಗ ಪ್ಲೇಟಿನ ವಿಷಯ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆ. ನಾಲ್ಕು ಕಾಲು, ಎತ್ತರ ಏರಿಸಬಹುದು, ಇಳಿಸಬಹುದು. 20 ವ್ಯಾಟ್. ನನಗೆ 2,650 ರೂಪಾಯಿ ಬಿತ್ತು. ಅತ್ತೆ ಇದನ್ನು ಬಿಸಿ ಹಲಗೆ ಅನ್ನುತ್ತಾರೆ, ಈಗ ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತೇವೆ. ಇದು ಬಲ್ಬಿನ ಹಾಗೆ ಇಡೀ ಡಬ್ಬಿಯನ್ನು ಕಾಯಿಸುವುದಿಲ್ಲ. ಇದರ ಕೆಳಮೈ ಮಾತ್ರ ಬಿಸಿ. ಮರಿ ಒಳಗೆ ನುಗ್ಗಿ ಬೆನ್ನು ತಾಗಿಸಿಕೊಂಡು ಮಲಗುತ್ತದೆ, ಸಾಕಾದರೆ ಹೊರಗೆ ಬರುತ್ತದೆ. ತಾಯಿಯ ಹೊಟ್ಟೆಯ ಕೆಳಗೆ ಹೋಗಿ ಬಂದ ಹಾಗೇ. ಎಷ್ಟು ಬಿಸಿ ಬೇಕು ಅಂತ ನಾನು ಲೆಕ್ಕ ಹಾಕುವ ಬದಲು ಮರಿಯೇ ನೋಡಿಕೊಳ್ಳುತ್ತದೆ. ನಾನು ಕೊಟ್ಟ ದುಡ್ಡು ಈ ಒಂದು ಗುಣಕ್ಕೆ.

ಇನ್ನೊಂದು, ಇದಕ್ಕೆ ಬೆಳಕಿಲ್ಲ. ರಾತ್ರಿ ಕತ್ತಲಾಗುತ್ತದೆ, ಮರಿಗಳು ನಿದ್ದೆ ಮಾಡುತ್ತವೆ. ಬಲ್ಬಿನಲ್ಲಿ ರಾತ್ರಿಯಿಡೀ ಕೀ ಕೀ ಅನ್ನುತ್ತಿದ್ದವು. ಆಗಸ್ಟ್ ಬ್ಯಾಚಿನ ಮೊದಲ ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಎಂಟು ಮರಿ ಒಡೆದಿದ್ದವು. ಹಲಗೆಯ ಅಂಚಿನಿಂದ ಎಂಟು ಕೊಕ್ಕು ಸಾಲಾಗಿ ಹೊರಗೆ ಚಾಚಿದ್ದವು, ಮೈಯೆಲ್ಲ ಒಳಗೆ. ಒಂದು ಮಾತ್ರ ಕಣ್ಣು ಬಿಟ್ಟು ನನ್ನನ್ನು ನೋಡಿ ಮತ್ತೆ ಮುಚ್ಚಿತು. ಆ ರಾತ್ರಿ ನಾನೂ ನಿದ್ದೆ ಮಾಡಿದೆ.

ಎತ್ತರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಜೊತೆಗೆ ಬರುವ ಚೀಟಿ ಕೋಳಿಮರಿಗೆ ಬರೆದದ್ದು. ಬಾತುಮರಿ ಅದಕ್ಕಿಂತ ಬೇಗ ಬೆಳೆಯುತ್ತದೆ. ನಿಂತ ಮರಿಯ ಬೆನ್ನು ಹಲಗೆಗೆ ಸುಮ್ನೆ ತಾಗಬೇಕು, ಅಷ್ಟು ಎತ್ತರ. ಎರಡು ಮೂರು ದಿನಕ್ಕೊಮ್ಮೆ ಒಂದು ಮೆಟ್ಟಿಲು ಏರಿಸುತ್ತೇನೆ. ಹಿಂದಿನ ಕಾಲು ಸ್ವಲ್ಪ ತಗ್ಗು, ಮುಂದಿನದು ಎತ್ತರ ಇಟ್ಟರೆ ಸಣ್ಣ ಮರಿಯೂ ದೊಡ್ಡದೂ ತಮಗೆ ಸರಿ ಹೊಂದುವ ಜಾಗ ಹುಡುಕಿಕೊಳ್ಳುತ್ತವೆ. ಪ್ಲೇಟ್ ಬಂದ ಡಬ್ಬಿಯ ಮೇಲೆ ಇಪ್ಪತ್ತು ಮರಿಗೆ ಅಂತ ಬರೆದಿದ್ದಾರೆ. ಬಾತುಮರಿಗೆ ಆ ಲೆಕ್ಕ ನಂಬಬೇಡಿ. ಎಂಟು ಮರಿ ಎರಡನೇ ವಾರಕ್ಕೇ ಇದನ್ನು ತುಂಬಿಸಿಬಿಟ್ಟವು. ಹತ್ತಕ್ಕಿಂತ ಜಾಸ್ತಿ ಇದ್ದರೆ ಎರಡು ಪ್ಲೇಟ್ ಬೇಕು.

ಎಷ್ಟು ದಿನ ಹಾಕಬೇಕು? ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಆರು ವಾರದವರೆಗೂ ಬಿಸಿ ಕೊಡಿ ಅನ್ನುವ ಸಲಹೆಗಳು ಚಳಿ ದೇಶದ್ದು. ಕೊಪ್ಪಳ, ರಾಯಚೂರು, ಬಳ್ಳಾರಿಯ ಹವಾಕ್ಕೆ ಅದು ಹೊಂದುವುದಿಲ್ಲ. 2025ರ ಜನವರಿ ಬ್ಯಾಚಿಗೆ ಹಗಲು ರಾತ್ರಿ ಹತ್ತು ದಿನ ಹಾಕಿದೆ, ಆಮೇಲೆ ರಾತ್ರಿ ಮಾತ್ರ, ನಾಲ್ಕನೇ ವಾರಕ್ಕೆ ತೆಗೆದೆ. ಏಪ್ರಿಲ್ ಬ್ಯಾಚಿಗೆ ಹಗಲು ಹಾಕಲೇ ಇಲ್ಲ. ಪಡಸಾಲೆಯಲ್ಲೇ 37 ಡಿಗ್ರಿ ಇರುವಾಗ ಬಿಸಿ ಯಾಕೆ? ಬದಲಿಗೆ ಡಬ್ಬಿಯ ಅರ್ಧಕ್ಕೆ ಒದ್ದೆ ಗೋಣಿ ಹೊದಿಸಿ ತಂಪು ಮಾಡಿದೆ. ರಾತ್ರಿ ಐದು ದಿನ ಹಲಗೆ ಇಟ್ಟೆ, ಆರನೇ ರಾತ್ರಿ ಮರಿಗಳು ಅದರ ಕೆಳಗೆ ಹೋಗದೆ ಹೊರಗೇ ಮಲಗಿದವು. ತೆಗೆದುಬಿಟ್ಟೆ. ನಮ್ಮ ಕಡೆ ಚಳಿಗಿಂತ ಸೆಕೆಯೇ ಮರಿಗಳಿಗೆ ದೊಡ್ಡ ಅಪಾಯ ಅಂತ ಮೂರು ಬ್ಯಾಚಿನಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಕರೆಂಟ್ ಲೆಕ್ಕ ಸಲೀಸು. ಬಲ್ಬು ಇಡೀ ದಿನ ಉರಿದರೆ 6 ಯೂನಿಟ್. ಇದು ಅರ್ಧ ಯೂನಿಟ್ಟೂ ಇಲ್ಲ. ಮನೆಯ ಇನ್ವರ್ಟರ್‌ಗೆ ಹಾಕಿದ್ದೇನೆ, ಕರೆಂಟ್ ಹೋದರೂ ಮರಿಗಳಿಗೆ ಗೊತ್ತೇ ಆಗುವುದಿಲ್ಲ. ಬಲ್ಬು ಜಾರಿ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ, ಆ ಭಯವೂ ಇಲ್ಲ.

ದೋಷಗಳೂ ಇವೆ. ಏಳನೇ ತಿಂಗಳಲ್ಲಿ ಅಡಾಪ್ಟರ್ ಸುಟ್ಟಿತು. ಒಂದು ವರ್ಷದ ಗ್ಯಾರಂಟಿ ಇತ್ತು. ಮಾರಿದವರು ಮೂರು ಸಲ ಫೋಟೋ ಕಳಿಸಿ ಅಂದರು, ಕಳಿಸಿದೆ, ಆಮೇಲೆ ಉತ್ತರವೇ ಇಲ್ಲ. ಬೇಜಾರಾಯಿತು. ಪುಣ್ಯಕ್ಕೆ ಆಗ ಮರಿ ಇರಲಿಲ್ಲ. ಗಂಗಾವತಿಯಲ್ಲಿ ಅದೇ ವೋಲ್ಟ್, ಅದೇ ಆಂಪಿಯರ್ ನೋಡಿ 350 ರೂಪಾಯಿಗೆ ಬೇರೆ ತಂದೆವು, ಇವತ್ತಿಗೂ ನಡೆಯುತ್ತಿದೆ. ಒಂದನ್ನು ಹೆಚ್ಚಿಗೆ ತಂದು ಇಟ್ಟಿದ್ದೇನೆ. ಕಾಲಿನ ಪ್ಲಾಸ್ಟಿಕ್ ತೆಳು, ಒಂದು ಹಲ್ಲು ಮುರಿದಿದೆ, ಇಟ್ಟಿಗೆ ಚೂರು ಕೊಟ್ಟು ನಿಲ್ಲಿಸುತ್ತೇನೆ. ವೈರು ಗಿಡ್ಡ. ಎರಡನೇ ವಾರದಿಂದ ಮರಿಗಳು ಮೇಲೆ ಹತ್ತಿ ಕೂತು ಗಲೀಜು ಮಾಡುತ್ತವೆ. ಒಂದು ರಟ್ಟನ್ನು ಇಳಿಜಾರಾಗಿ ಇಟ್ಟರೆ ಹತ್ತುವುದಿಲ್ಲ.

ಪ್ಲೇಟ್ ತಂದರೆ ಕೆಲಸ ಮುಗಿಯಿತು ಅಂತ ಅಂದುಕೊಳ್ಳಬೇಡಿ. ಇದು ಒದ್ದೆಯನ್ನು ಒಣಗಿಸುವುದಿಲ್ಲ. ತಾಯಿ ಬಾತು ಇಲ್ಲದ ಮರಿಯ ತುಪ್ಪಳಕ್ಕೆ ತಾಯಿಯ ಎಣ್ಣೆ ಹತ್ತಿರುವುದಿಲ್ಲ, ನೀರು ಸೀದಾ ಚರ್ಮಕ್ಕೆ ಇಳಿಯುತ್ತದೆ. ಮಗ ಒಂದು ಮರಿಯನ್ನು ಪ್ರೀತಿಯಿಂದ ಬೋಗುಣಿ ನೀರಿನಲ್ಲಿ ಈಜಲು ಬಿಟ್ಟ. ಐದೇ ನಿಮಿಷ. ಎತ್ತಿದಾಗ ತುಪ್ಪಳ ಅಂಟಿ, ಬೆರಳಷ್ಟು ದಪ್ಪದ ಮೈ ಗಡಗಡ ನಡುಗುತ್ತಿತ್ತು. ಹಳೆ ಧೋತರದಲ್ಲಿ ಸುತ್ತಿ ಅತ್ತೆ ಮಡಿಲಲ್ಲಿ ಒಂದು ತಾಸು ಇಟ್ಟುಕೊಂಡರು. ಬದುಕಿತು. ಅಂದಿನಿಂದ ಮೊಸರಿನ ಡಬ್ಬಿಯ ಮುಚ್ಚಳಕ್ಕೆ ತಲೆ ಹೋಗುವಷ್ಟು ತೂತು ಮಾಡಿ ನೀರು ಇಡುತ್ತೇವೆ. ಮೂಗಿನ ತೂತು ತೊಳೆದುಕೊಳ್ಳಲು ಕೊಕ್ಕು ಪೂರ್ತಿ ಮುಳುಗಬೇಕು, ಮೈ ಒಳಗೆ ಹೋಗಬಾರದು. ಆ ಡಬ್ಬಿಯನ್ನು ಜಾಲರಿಯ ಮೇಲಿಟ್ಟು ಕೆಳಗೆ ತಟ್ಟೆ ಇಟ್ಟಿದ್ದೇನೆ, ಚೆಲ್ಲಿದ ನೀರು ಅಲ್ಲಿಗೇ ಇಳಿಯುತ್ತದೆ.

ನೆಲಕ್ಕೆ ಪೇಪರ್ ಬೇಡ. ಜಾರಿ ಕಾಲು ಅಗಲವಾಗುತ್ತದೆ, ಆಮೇಲೆ ನಿಲ್ಲಲು ಆಗುವುದಿಲ್ಲ. ರೈಸ್ ಮಿಲ್ಲಿನ ಹೊಟ್ಟು ನಮ್ಮೂರಲ್ಲಿ ಬೇಕಾದಷ್ಟು. ಧೂಳು ಜರಡಿ ಹಿಡಿದು ಹಾಕಿ, ಮೊದಲ ಮೂರು ದಿನ ಮೇಲೆ ಗೋಣಿ ಹಾಸಿ, ಇಲ್ಲದಿದ್ದರೆ ತಿನ್ನುತ್ತವೆ. ಒದ್ದೆಯಾದದ್ದನ್ನು ದಿನಾ ತೆಗೆಯಿರಿ. ಬೂಷ್ಟು ಹಿಡಿದ ಹೊಟ್ಟು ಉಸಿರಿಗೆ ಕೆಟ್ಟದ್ದು.

ಕೆಂಪಿರುವೆಗೆ ಹೆದರಿ ಇಡೀ ಪೆಟ್ಟಿಗೆಯನ್ನು ಕಬ್ಬಿಣದ ಮಂಚದ ಮೇಲಿಟ್ಟು, ಮಂಚದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿದ್ದೇನೆ. ಬೆಕ್ಕು, ಹೆಗ್ಗಣಕ್ಕೆ ಮೇಲೆ ಕಬ್ಬಿಣದ ಜಾಲರಿ. ಪೆಟ್ಟಿಗೆ ಅಡುಗೆಮನೆಯಿಂದ ದೂರ ಇರಲಿ, ಮಕ್ಕಳು ಮರಿ ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಲೇಬೇಕು.

ತಿಂಡಿಯ ಮಾತೂ ಒಂದಿದೆ. ಮೊದಲ ಬ್ಯಾಚಿಗೆ ಬರೀ ನುಚ್ಚು ಹಾಕಿದ್ದೆ, ಒಂದು ಮರಿಯ ಕಾಲು ಸೊಟ್ಟಗಾಗಲು ಶುರುವಾಯಿತು. ಪಶು ಆಸ್ಪತ್ರೆಯ ಡಾಕ್ಟರು ನೋಡಿ, ಬಾತುಮರಿಗೆ ಕೋಳಿಮರಿಗಿಂತ ಜಾಸ್ತಿ ನಯಾಸಿನ್ (ಒಂದು ಬಿ ವಿಟಮಿನ್) ಬೇಕು ಅಂದರು. ಈಗ ಔಷಧ ಬೆರೆಸದ ಚಿಕ್ ಸ್ಟಾರ್ಟರ್ (ಸಣ್ಣ ಕೋಳಿಮರಿಗಳ ಆಹಾರ) ತಂದು, ಒಂದು ಬಟ್ಟಲಿಗೆ ಒಂದು ದೊಡ್ಡ ಚಮಚ ನಯಾಸಿನ್ ಇರುವ ಬ್ರೂವರ್ಸ್ ಈಸ್ಟ್ ಪುಡಿ ಕಲಸಿ ಕೊಡುತ್ತೇನೆ. ಆಮೇಲಿನ ಯಾವ ಮರಿಗೂ ಕಾಲಿನ ತೊಂದರೆ ಬಂದಿಲ್ಲ.

ಪ್ಲೇಟ್ ಬಂದ ಮೇಲಿನ ಮೂರು ಬ್ಯಾಚಿನಲ್ಲಿ ಒಟ್ಟು 23 ಮರಿ ಒಡೆದವು, 21 ಬೆಳೆದವು. ಹೋದ ಎರಡರಲ್ಲಿ ಒಂದು ಚಿಪ್ಪಿನಿಂದ ಬರುವಾಗಲೇ ಸೋತಿತ್ತು, ಇನ್ನೊಂದನ್ನು ಜಾಲರಿ ಮುಚ್ಚಲು ಮರೆತ ಸಂಜೆ ಬೆಕ್ಕು ಒಯ್ದಿತು. ಚಳಿಗೆ, ಸೆಕೆಗೆ ಒಂದೂ ಹೋಗಿಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಕಳೆದದ್ದು ಅಡಾಪ್ಟರಿಗೆ ಮತ್ತು ಆ ಕಾಲುಗಳಿಗೆ.

ಈಗ ಕೋಳಿ ಮತ್ತೆ ಕೂತಿದೆ, ಒಂಬತ್ತು ಮೊಟ್ಟೆ, ಇವತ್ತಿಗೆ 24ನೇ ದಿನ. ಬೆಳಿಗ್ಗೆ ಹಲಗೆಯನ್ನು ಅಟ್ಟದಿಂದ ಇಳಿಸಿ ಒರೆಸಿ, ಅರ್ಧ ತಾಸು ಹಾಕಿ ಕೆಳಗೆ ಅಂಗೈ ಇಟ್ಟು ನೋಡಿದೆ. ಎಲ್ಲ ಕಡೆ ಒಂದೇ ಸಮ ಬಿಸಿ ಬಂದಿದೆ. ಅತ್ತೆ ಗೋಣಿ ಒಗೆದು ಬಿಸಿಲಿಗೆ ಹಾಕಿದ್ದಾರೆ.